ದಾನದ ಓಟದಲ್ಲಿ ಹಿಂದುಳಿದವರು

ಲಂಡನ್ ಮ್ಯಾರಥಾನಿನಲ್ಲಿ ಜನಸಂದಣಿ ಮಿತಿಮೀರಿತೆಂದೂ, ಧರ್ಮಸಂಸ್ಥೆಗಳ ಹೆಸರಿನಲ್ಲಿ ಓಡಲಾರದವರೆಲ್ಲ ಬಂದು ಹಾದಿಯನ್ನು ಕಟ್ಟುತ್ತಾರೆಂದೂ ವೇಗಶಾಲಿಗಳಾದ ಕೆಲವರು ದೂರುವುದುಂಟು. ಆ ದೂರಿನಲ್ಲಿ ಅರ್ಧ ನಿಜ. ಗ್ರೀನಿಚ್ಚಿನಲ್ಲಿ ಕಟ್ಟಿ ಸಾರ್ಕ್ ಎಂಬ ಹಳೆಯ ಹಡಗನ್ನು ಬಳಸಿ ಸಾಗುವ ಬೀದಿ ಇಕ್ಕಟ್ಟಾದದ್ದು. ಮೊಣಕೈಗೆ ಮೊಣಕೈ ತಾಗದಂತೆ ಅಲ್ಲಿ ಓಡುವುದು ದುಸ್ತರವೇ ಸರಿ. ಉಳಿದರ್ಧ ಬರಿಯ ಗರ್ವ.

೧೯೮೧ನೆಯ ಮಾರ್ಚಿ ೨೯ರಂದು ಈ ಓಟ ಮೊದಲಾದಾಗ ಗುರಿ ಮುಟ್ಟಿದವರು ಆರು ಸಾವಿರಕ್ಕೆ ತುಸು ಮಿಕ್ಕವರು. ಎಲ್ಲರಿಗೂ ಮುಂದಿದ್ದ ಅಮೆರಿಕದ ಡಿಕ್ ಬಿಯರ್ಡ್ಸ್‌ಲಿಯೂ ನಾರ್ವೆಯ ಇಂಗೆ ಸಿಮೋನ್ಸನ್ನನೂ ಕೈಕೈ ಹಿಡಿದು ಗೆರೆ ದಾಟಿ ಗೆಲುವನ್ನು ಹಂಚಿಕೊಂಡರು. ೨೦೧೯ರಲ್ಲಿ ಗುರಿ ಮುಟ್ಟಿದವರು ೪೨ ಸಾವಿರಕ್ಕೂ ಹೆಚ್ಚು. ಅಷ್ಟರೊಳಗೆ ಓಟಗಾರರು ಸತ್ಕಾರ್ಯಗಳಿಗಾಗಿ ಕೂಡಿಸಿದ ಹಣ ಒಟ್ಟು ನೂರು ಕೋಟಿ ಪೌಂಡು. ಇದನ್ನು ತಂದವರಾರು? ಎರಡು ಗಂಟೆಗಳ ಸುಮಾರಿನಲ್ಲಿ ಓಟ ತೀರಿಸುವ ಬೆರಳೆಣಿಕೆಯ ವೀರರಲ್ಲ. ನೆಂಟರಿಷ್ಟರ ಮುಂದೆ, ಕಚೇರಿಯ ಜೊತೆಗಾರರ ಮುಂದೆ ಸಂಕೋಚ ಬಿಟ್ಟು ಕೈಯೊಡ್ಡಿದ ಸಾಮಾನ್ಯರು. ೧೯೯೩ರಿಂದ ಧರ್ಮಸಂಸ್ಥೆಗಳು ಈ ಓಟದ ಸ್ಥಾನಗಳನ್ನು ಹಣ ತೆತ್ತು ಕೊಳ್ಳುತ್ತ ಬಂದಿವೆ. ಅಂತಹ ಸ್ಥಾನದಲ್ಲಿ ಓಡುವವನು ಕರೆಯದೆ ಬಂದ ಅತಿಥಿಯಲ್ಲ. ಹಾದಿಯ ಬೆಲೆ ಕೊಟ್ಟವನು.

ಹೀಗಿರಲಾಗಿ ೨೦೧೯ರಲ್ಲಿ ನಡೆದುದೇನು? ಏಳೂವರೆ ಗಂಟೆಗಳಲ್ಲಿ ಗುರಿ ಸೇರುವವರಿಗೆ ದಾರಿ ತೋರಲು ವ್ಯವಸ್ಥಾಪಕರೇ ನೇಮಿಸಿದ್ದ ಓಟಗಾರ್ತಿಯೊಬ್ಬಳು ಆಮೇಲೆ ಬಾಯಿಬಿಟ್ಟಳು: ಓಟ ಮುಗಿಯುವ ಮೊದಲೇ ನೀರಿನ ಅರವಟ್ಟಿಗೆಗಳನ್ನು ಕಿತ್ತಿದ್ದರು, ಬೀದಿ ಗುಡಿಸುವ ಬಂಡಿಗಳು ಕಾಲ ಬಳಿಗೇ ಬಂದಿದ್ದವು, ನಿಧಾನವಾಗಿ ಬರುತ್ತಿದ್ದವರನ್ನು ಅವರ ಮೈಯ ದಪ್ಪವನ್ನೆತ್ತಿ ಹಂಗಿಸಿದ್ದರು. ವ್ಯವಸ್ಥಾಪಕರು ಕ್ಷಮೆ ಬೇಡಿದರು. ಬೇಡಿದ್ದು ಉಚಿತವೇ. ಆದರೆ ಏಳೂವರೆ ಗಂಟೆಯ ಗುಂಪನ್ನು ತಾವೇ ಏರ್ಪಡಿಸಿ, ಆ ಗುಂಪು ಬರುವಷ್ಟರಲ್ಲಿ ನೀರನ್ನೆತ್ತಿಸಿದ ಲೆಕ್ಕಾಚಾರ ಎಂತಹದು? ಹಣವನ್ನು ಮುಂಗಡವಾಗಿ ಪಡೆವಾಗ ಇವರ ನಿಧಾನ ಯಾರ ಕಣ್ಣಿಗೂ ಬೀಳಲಿಲ್ಲವಷ್ಟೆ!

ಸಂದಣಿಗೆ ಮದ್ದಿಲ್ಲದೆ ಇಲ್ಲ. ಓಟಗಾರನ ಮೈಮೇಲಿನ ಚಿಪ್ ಆತನು ಹೊರಡುವ ಗೆರೆಯನ್ನು ಮೆಟ್ಟಿದ ಕ್ಷಣದಿಂದ ಕಾಲವನ್ನೆಣಿಸುತ್ತದೆ. ಆದುದರಿಂದ ಹಿಂದೆ ನಿಂತವನಿಗೆ ಒಂದು ಕ್ಷಣದ ನಷ್ಟವೂ ಇಲ್ಲ. ವೇಗಕ್ಕೆ ತಕ್ಕಂತೆ ತಂಡತಂಡವಾಗಿ ಬಿಡುವ ಕ್ರಮವೂ ಇದೆ. ಇದನ್ನು ಕೆಡಿಸುವವನು ಆರು ಗಂಟೆಯ ಕಾಲನ್ನಿಟ್ಟುಕೊಂಡು ನಾಲ್ಕು ಗಂಟೆಯೆಂದು ಬರೆದುಕೊಟ್ಟು ಮುಂದೆ ನಿಲ್ಲುವವನು. ಮೂವರು ನಾಲ್ವರು ಸಾಲುಗಟ್ಟಿ ಹರಟುತ್ತ ನಡೆದು ಬೀದಿಯನ್ನೆಲ್ಲ ತುಂಬುವವರು. ಇವರನ್ನು ಗದರಿಸುವುದು ನ್ಯಾಯ. ಅನಾಥಾಲಯಕ್ಕೆ ಹಣ ಕೂಡಿಸಿದ ಮಾತ್ರಕ್ಕೆ ಪರರ ಕಾಲಿಗೆ ಅಡ್ಡಬರುವ ಸ್ವಾತಂತ್ರ್ಯ ಯಾರಿಗೂ ದೊರೆಯದು.

ಆದರೆ ತನ್ನ ಸ್ಥಾನದಲ್ಲಿ ನಿಂತು, ಒಂದು ಬದಿ ಹಿಡಿದು, ಕುಂಟುತ್ತ ಬರುವವಳ ಮಾತೇ ಬೇರೆ. ವ್ಯವಸ್ಥಾಪಕರು ಎಷ್ಟು ಗಂಟೆಯೆಂದು ಗೊತ್ತುಮಾಡಿದ್ದಾರೆಯೋ ಅಷ್ಟು ಗಂಟೆಯೂ ಇಪ್ಪತ್ತಮೂರನೆಯ ಮೈಲಿಯಲ್ಲಿ ಅವಳಿಗಾಗಿ ನೀರಿಟ್ಟುಕೊಂಡು ಒಬ್ಬನು ನಿಂತಿರತಕ್ಕದ್ದು. ಪೊರಕೆಯ ಬಂಡಿ ಅವಳ ಹಿಂದೆ ದೂರದಲ್ಲಿ ಬರಲಿ.