ಕರಿದ ಎಣ್ಣೆ ಟ್ರ್ಯಾಕ್ಟರಿಗೂ ಬೇಡ, ಬಜ್ಜಿ ಗಾಡಿಗೂ ಬೇಡ

ಎರಡು ವಾರದಿಂದ ನಮ್ಮ ಕಡೆ ಎಲ್ಲರ ಮೊಬೈಲಲ್ಲೂ ಒಂದೇ ವಿಡಿಯೋ. ಕರಿದು ಉಳಿದ ಎಣ್ಣೆಯನ್ನ ಪಂಚೆಯಲ್ಲಿ ಸೋಸಿ ಟ್ರ್ಯಾಕ್ಟರಿಗೆ ಸುರಿಯೋದು, "ಇನ್ನು ಬಂಕಿಗೆ ಹೋಗೋದೇ ಬೇಡ" ಅನ್ನೋದು. ಮೊನ್ನೆ ಡೈರಿ ಹತ್ರ ಮೂರು ಜನ ನನ್ನನ್ನೇ ಕೇಳಿದ್ರು. ಅದಕ್ಕೇ ಬರೀತಿದ್ದೀನಿ.

ನಾನೂ ಈ ಬುದ್ಧಿವಂತಿಕೆ ಮಾಡಿದವನೇ. ಮಗಳ ಮದುವೇಲಿ ಉಳಿದ ಎಣ್ಣೆ ಒಂದು ಕ್ಯಾನ್ ಇತ್ತು. ಅರ್ಧಕ್ಕರ್ಧ ಡೀಸೆಲ್ ಬೆರೆಸಿ ಪಂಪ್‌ಸೆಟ್ಟಿಗೆ ಹಾಕಿದೆ. ನಾಲ್ಕು ದಿನ ಓಡ್ತು, ನಾನೂ ಬೀಗಿದೆ. ಐದನೇ ದಿನ ಸ್ಟಾರ್ಟೇ ಆಗಲಿಲ್ಲ. ನಾಜಲ್ ತುಂಬ ಮಸಿ, ಫಿಲ್ಟರ್ ತುಂಬ ಜಿಡ್ಡು. ಉಳಿಸಿದ ದುಡ್ಡು ಮೆಕ್ಯಾನಿಕ್ ಕೈಗೆ ಹೋಯ್ತು, ನೀರಿಲ್ಲದೆ ಟೊಮೆಟೊ ಬಾಡಿದ್ದು ಬೇರೆ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಔಷಧಿ ಹೊಡೆಯೋ ಸ್ಪ್ರೇಯರಿಗೆ ಗಂಜಿ ಹಾಕಿದ ಹಾಗೆ ಅದು.

"1900ರಲ್ಲೇ ಪ್ಯಾರಿಸ್‌ನಲ್ಲಿ ಕಡಲೆಕಾಯಿ ಎಣ್ಣೇಲಿ ಎಂಜಿನ್ ಓಡಿಸಿದ್ರಲ್ಲ" ಅಂತಾರೆ. ಓಡಿಸಿದ್ದು ನಿಜ. ಅದು ವಸ್ತುಪ್ರದರ್ಶನದಲ್ಲಿ. ನಮ್ಮ ಎಂಜಿನ್ ವರ್ಷಗಟ್ಟಲೆ ದುಡೀಬೇಕು.

ಇನ್ನು ಕೆಲವರು ಶೆಡ್ಡಲ್ಲೇ ಮೆಥನಾಲ್, ಕಾಸ್ಟಿಕ್ ಸೋಡ ಹಾಕಿ ಬಯೋಡೀಸೆಲ್ ಮಾಡ್ತೀವಿ ಅಂತ ಹೊರಟಿದ್ದಾರೆ. ಇಲ್ಲಿ ಸೋಡನೇ ಕ್ಯಾಟಲಿಸ್ಟ್, ಅಂದ್ರೆ ಕೆಲಸ ಬೇಗ ಆಗೋ ಹಾಗೆ ಮಾಡೋ ವಸ್ತು. ಹೊಸ ಎಣ್ಣೆಗೆ ಸರಿ. ಪದೇ ಪದೇ ಕಾಯಿಸಿದ ಎಣ್ಣೇಲಿ ಆಮ್ಲ ಜಾಸ್ತಿ, ನೀರೂ ಸೇರಿರುತ್ತೆ. ಡೀಸೆಲ್ ಮಾಡೋಕೆ ಹೋಗಿ ಸಾಬೂನು ಮಾಡಿರ್ತೀರಿ. ಮೆಥನಾಲ್ ಅಂತೂ ವಿಷ. ಹಗಲಲ್ಲಿ ಅದರ ಉರಿ ಕಣ್ಣಿಗೇ ಕಾಣಲ್ಲ. ಹುಲ್ಲಿನ ಬಣವೆ ಪಕ್ಕ ಇದು ಬೇಕಾ?

ಥೇಟ್ ಡೀಸೆಲ್ಲೇ ಆಗಬೇಕಂದ್ರೆ ದಾರಿ ಬೇರೆ. ನಿಕಲ್, ಮಾಲಿಬ್ಡಿನಂ ಇರೋ ಕ್ಯಾಟಲಿಸ್ಟ್ ಮೇಲೆ, 300ರಿಂದ 400 ಡಿಗ್ರಿ ಶಾಖದಲ್ಲಿ, ಭಾರೀ ಒತ್ತಡದ ಹೈಡ್ರೋಜನ್ ಜೊತೆ ಎಣ್ಣೆ ಹಾಯಿಸ್ತಾರೆ. ಎಣ್ಣೆಯೊಳಗಿನ ಆಮ್ಲಜನಕ ಹೊರಗೆ ಹೋಗಿ ಡೀಸೆಲ್ ಜಾತಿಯದ್ದೇ ಇಂಧನ ಉಳಿಯುತ್ತೆ. ಇದು ರಿಫೈನರಿ ಕೆಲಸ, ಹಿತ್ತಲಿನ ಕೆಲಸ ಅಲ್ಲ.

ಹಾಗಾದ್ರೆ ನಮಗೇನು ಅಂತೀರಾ? ಉಪ್ಪು, ಹಿಟ್ಟು, ನೀರು ಸೇರಿದ ಎಣ್ಣೆ ಆ ದುಬಾರಿ ಕ್ಯಾಟಲಿಸ್ಟನ್ನೇ ಕೆಡಿಸುತ್ತೆ. ಅದಕ್ಕೆ ಚೊಕ್ಕಟವಾಗಿ ಕೂಡಿಟ್ಟ ಎಣ್ಣೆಗೇ ಬೆಲೆ. ಫ್ಯಾಟ್ ನೋಡಿ ಹಾಲು ಅಳೆಯೋ ನಮಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ.

ಈಗ ಆಗ್ತಿರೋದೇನು? ಕಲ್ಯಾಣ ಮಂಟಪದಲ್ಲಿ ಉಳಿದ ಕಪ್ಪು ಎಣ್ಣೆ ಸಂಜೆ ಬಜ್ಜಿ ಗಾಡಿ ಬಾಣಲೆಗೆ ಬಿದ್ದದ್ದನ್ನ ನಾನೇ ಕಂಡಿದ್ದೀನಿ. ಶಾಲೆ ಬಿಟ್ಟ ನಮ್ಮ ಮಕ್ಕಳೇ ಅಲ್ಲಿ ನಿಂತಿದ್ವು. ಎಣ್ಣೆ ಕಾದು ಕಾದು ಅದರಲ್ಲಿ ಹುಟ್ಟೋ ಪೋಲಾರ್ ಅಂಶ 25% ದಾಟಿದ್ರೆ ಅಡುಗೆಗೆ ಬಳಸೋ ಹಾಗಿಲ್ಲ. 2018ರಿಂದ ಇದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅಂಥ ಎಣ್ಣೆ ಇಂಧನಕ್ಕೆ ಹೋಗಲಿ ಅಂತ 'ರುಕೋ' ಕಾರ್ಯಕ್ರಮವೂ ಅದೇ ವರ್ಷ ಶುರುವಾಯ್ತು. ನಿಯಮ ಇದೆ, ಕಾರ್ಯಕ್ರಮ ಇದೆ, ನಮ್ಮೂರಲ್ಲಿ ಎಣ್ಣೆ ಸುರಿಯೋಕೆ ಒಂದು ಡ್ರಮ್ ಇಲ್ಲ.

ನನ್ನ ಮಾತು ಇಷ್ಟೇ. ಡೈರಿ ಪಕ್ಕ ಒಂದು ಡ್ರಮ್ ಇಡೋಣ. ಮನೆ, ಹೋಟೆಲ್, ಮದುವೆ, ಜಾತ್ರೆ ಎಲ್ಲಿಂದಾದ್ರೂ ಸೋಸಿ ತರಲಿ, ತೂಕ ಬರೆದುಕೊಳ್ಳೋಣ. ತುಂಬಿದ ಮೇಲೆ ಅನುಮತಿ ಇರೋ ಸಂಗ್ರಹದಾರರನ್ನ ಕರೆದು, ನಮ್ಮ ಕಣ್ಣೆದುರೇ ಅಳೆಸಿ ದುಡ್ಡು ಎಣಿಸಿಕೊಳ್ಳೋಣ. ದುಡ್ಡು ಕಡಿಮೆ ಬಂದ್ರೂ ಬರಲಿ, ಆ ಎಣ್ಣೆ ಮಕ್ಕಳ ಹೊಟ್ಟೆಗೆ ಹೋಗಲ್ಲ.

ಡ್ರಮ್ ನಾನು ಕೊಡ್ತೀನಿ. ಭಾನುವಾರ ಬೆಳಗ್ಗೆ ಹಾಲು ಹಾಕಿದ ಮೇಲೆ ಹತ್ತು ನಿಮಿಷ ನಿಲ್ಲಿ.