ಮೆಣಸಿನಕಾಯಿ ಅವಳದು, ಮೊಬೈಲು ಅವನದು

ಪೇಟೆಯಲ್ಲಿರುವ ನನ್ನ ಗೆಳತಿಯರು ಖಾರದ ಪುಡಿ ಮಾಡಿಸುವಾಗ ಬಹಳ ಲೆಕ್ಕ ಹಾಕುತ್ತಾರೆ. ಬಣ್ಣಕ್ಕೆ ಬ್ಯಾಡಗಿ ಇಷ್ಟು, ಖಾರಕ್ಕೆ ಗುಂಟೂರು ಇಷ್ಟು ಎಂದು ಅಳೆದು ತೂಗಿ ತರುತ್ತಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತೆಂದು ಹೆಮ್ಮೆಯನ್ನೂ ಪಡುತ್ತಾರೆ. ಆದರೆ ಆ ಕಾಯಿಯನ್ನು ಬೆಳೆದವಳಿಗೆ ಅದರ ದರ ಗೊತ್ತಿತ್ತೇ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಈ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಲ್ಲ, ನಾನು ಕೇಳುತ್ತೇನೆ.

ನಮ್ಮ ದೋರನಹಳ್ಳಿ ಸೀಮೆಯಲ್ಲಿ ಮೆಣಸಿನಕಾಯಿ ಎಂದರೆ ಹೆಂಗಸರ ಬೆಳೆ. ಸಸಿ ಹಚ್ಚುವವರು, ಕಳೆ ತೆಗೆಯುವವರು, ಬಿಸಿಲಲ್ಲಿ ಬೆನ್ನು ಬಾಗಿಸಿ ಕಾಯಿ ಬಿಡಿಸುವವರು, ಕಣದಲ್ಲಿ ಹರವಿ ಒಣಗಿಸುವವರು ಎಲ್ಲರೂ ಅವರೇ. ಕೆಂಪುಕಾಯಿ ಬೇರೆ, ಬಿಳಿಗಾಯಿ ಬೇರೆ ಎಂದು ಆರಿಸುವವಳೂ ಅವಳೇ. ಚೀಲದ ಬಾಯಿ ಹೊಲಿದ ಕೂಡಲೇ ಅವಳ ಮಾತು ಮುಗಿಯಿತು. ಗಾಡಿ ಹತ್ತುವವನು, ದಲಾಲಿ ಅಂಗಡಿಯಲ್ಲಿ ಕೂರುವವನು, ಪಟ್ಟಿ ತರುವವನು ಗಂಡಸು.

ಈಗ ಕಾಲ ಬದಲಾಗಿದೆ, ಎಲ್ಲವೂ ಆನ್‌ಲೈನ್ ಆಗಿದೆ ಎನ್ನುತ್ತಾರೆ. ನಿಜವೇ. ಕೃಷಿ ಮಾರುಕಟ್ಟೆ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಮಾರುಕಟ್ಟೆಗಳ ದರ ಕನ್ನಡದಲ್ಲೇ ಸಿಗುತ್ತದೆ. ನಮ್ಮ ರಾಜ್ಯ 2014ರಲ್ಲೇ ಮಾರುಕಟ್ಟೆಗಳನ್ನು ಒಂದೇ ಕಂಪ್ಯೂಟರ್ ವೇದಿಕೆಗೆ ತರಲು ಹೊರಟಿತು. 2016ರಲ್ಲಿ ದೇಶಕ್ಕೆಲ್ಲ ಇ-ನಾಮ್ ಬಂತು. ಇವೆಲ್ಲ ಒಳ್ಳೆಯವೇ, ನಾನು ವಿರೋಧಿಯಲ್ಲ. ಆದರೆ ಆ ದರ ಬಂದು ಬೀಳುವುದು ಯಾರ ಕೈಗೆ? 2011ರ ಜನಗಣತಿಯ ಪ್ರಕಾರ ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಓದು ಬಲ್ಲ ಹೆಂಗಸರು ನೂರಕ್ಕೆ ಸುಮಾರು 41. 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ನೂರಕ್ಕೆ ಸುಮಾರು 14. ಪಹಣಿಯಲ್ಲಿ ಹೆಸರಿಲ್ಲ, ಮೊಬೈಲು ಗಂಡನ ಅಂಗಿಯ ಜೇಬಿನಲ್ಲಿದೆ. ಇನ್ನು ಮಾಹಿತಿ ಕ್ರಾಂತಿ ಎಂಬುದು ಊಟಕ್ಕಿಲ್ಲದ ಉಪ್ಪಿನಕಾಯಿ ಅಲ್ಲದೆ ಮತ್ತೇನು?

“ಗಂಡ ನೋಡಿದರೇನು, ಹೆಂಡತಿ ನೋಡಿದರೇನು, ದುಡ್ಡು ಮನೆಗೇ ಬರುತ್ತದಲ್ಲ” ಎಂದು ಒಬ್ಬ ಹಿರಿಯರು ನನಗೇ ಹೇಳಿದರು. ಬರುತ್ತದೆಯೇ? ಯಾವ ಚೀಲದಲ್ಲಿ ಎಂಥ ಕಾಯಿ ತುಂಬಿದೆ ಎಂದು ಬಲ್ಲವಳು ಆರಿಸಿದವಳು. ಬಣ್ಣ ಇದ್ದರೆ ಬ್ಯಾಡಗಿಗೆ ಬೆಲೆ. ಆ ಬಣ್ಣದ ರಸವನ್ನು ತೆಗೆದು ತಿಂಡಿಗೂ ತುಟಿಯ ರಂಗಿಗೂ ಬಳಸುತ್ತಾರೆ. ಮಾಲಿನ ಗುಣ ಬಲ್ಲವಳಿಗೆ ದರ ತಿಳಿಯದು, ದರ ನೋಡುವವನಿಗೆ ಮಾಲಿನ ಗುಣ ತಿಳಿಯದು. ವ್ಯಾಪಾರ ಕೆಡುವುದು ಇಲ್ಲೇ.

ದರ ಓದುವುದಕ್ಕೂ ವಿದ್ಯೆ ಬೇಕು. ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆ ಇರುತ್ತವೆ. ಊರಿನ ಕಟ್ಟೆಯ ಮೇಲೆ ಮಾತಾಡುವುದೆಲ್ಲ ಗರಿಷ್ಠದ್ದೇ. ಅದು ಆ ದಿನ ಎಲ್ಲೋ ಒಂದೆರಡು ಲಾಟಿಗೆ ಸಿಕ್ಕ ಬೆಲೆ ಇದ್ದೀತು. ಹೆಚ್ಚಿನ ಮಾಲು ಹೋದದ್ದು ಮಾದರಿ ಬೆಲೆಗೆ. ನಾವು ಶಾಲೆಯಲ್ಲಿ ಬಹುಲಕ ಎಂದು ಕಲಿಸುತ್ತೇವಲ್ಲ, ಅದೇ ಇದು. ಅದರ ಪಕ್ಕದಲ್ಲೇ ಆವಕ ಎಷ್ಟು ಎಂಬುದನ್ನೂ ನೋಡಬೇಕು. ಕ್ರಿಕೆಟ್ ರನ್ನುಗಳಲ್ಲಿ ಬಹುಲಕ ಕಲಿಸುವ ನಾವು ಮೆಣಸಿನಕಾಯಿ ದರದಲ್ಲಿ ಏಕೆ ಕಲಿಸಬಾರದು? ಹೆಣ್ಣುಮಗಳು ಅದನ್ನು ಮನೆಗೆ ಒಯ್ದು ಅವ್ವನಿಗೆ ಓದಿ ಹೇಳಿಯಾಳು.

ಬರೀ ದರ ತಿಳಿದರೆ ಸಾಲದು ಎಂಬುದನ್ನೂ ಹೇಳಲೇಬೇಕು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಏನಾಯಿತು? ಲಕ್ಷಗಟ್ಟಲೆ ಚೀಲ ಬಂದು ಬಿದ್ದವು, ದರ ಕುಸಿಯಿತು, ರೊಚ್ಚಿಗೆದ್ದ ರೈತರು ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ಅಲ್ಲಿ ಕಂಪ್ಯೂಟರ್ ಟೆಂಡರ್ ಇರಲಿಲ್ಲವೇ? ಇತ್ತು. ಆದರೆ ಬಿದ್ದ ದರ ತೆರೆಯ ಮೇಲೆ ಕಂಡರೂ ಚೀಲ ವಾಪಸು ಒಯ್ಯುವ ಶಕ್ತಿ ಎಷ್ಟು ಮಂದಿಗಿತ್ತು? ಬಿತ್ತುವ ಮೊದಲೇ ಮುಂಗಡ ತಂದವನಿಗೆ ‘ಒಲ್ಲೆ’ ಎನ್ನುವ ಬಾಯಿ ಇರುವುದಿಲ್ಲ. ಬಣ್ಣ ಕೆಡದಂತೆ ಇಡಲು ಶೀತಗೃಹ ಊರ ಹತ್ತಿರ ಬೇಕು. ಇಟ್ಟ ಮಾಲಿನ ರಸೀದಿ ಮೇಲೆ ಬ್ಯಾಂಕು ಸಾಲ ಕೊಡಲು 2007ರಲ್ಲೇ ಕಾಯಿದೆ ಆಗಿದೆ. ಆ ಸಾಲ ಹೆಂಗಸಿಗೂ ಕೈಗೆಟುಕಬೇಕು. ಕಾಯುವ ಶಕ್ತಿ ಇಲ್ಲದವರಿಗೆ ದರದ ಸುದ್ದಿ ಬರೀ ಹೊಟ್ಟೆಯುರಿ.

ಆದ್ದರಿಂದ ನನ್ನ ಬೇಡಿಕೆ ಸರಳ. ಮಾರುಕಟ್ಟೆಯ ಮೆಸೇಜು ಬರುವ ನಂಬರು ಮನೆಯ ಹೆಂಗಸಿನದೂ ಆಗಿರಲಿ. ಪಹಣಿಯಲ್ಲಿ ಅವಳ ಹೆಸರು ಸೇರಲಿ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆ ಆ ವಾರದ ಮಾದರಿ ಬೆಲೆಯನ್ನೂ ಓದಲಿ. ಓದಲು ಬಾರದವರು ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ, ಕನ್ನಡದಲ್ಲೇ ಫೋನು ಮಾಡಿ ಕೇಳಬಹುದು, ದುಡ್ಡು ಬೀಳುವುದಿಲ್ಲ. ಇದಕ್ಕೆಲ್ಲ ಗಂಡಸರು ಸಿಟ್ಟಾಗುತ್ತಾರೆಯೇ? ಆಗಲಿ. ಚೀಲ ತುಂಬುವಾಗ ಬೇಡವೆನ್ನದವರು ಪಟ್ಟಿ ಓದುವಾಗ ಬೇಡವೆನ್ನುವುದು ಯಾವ ನ್ಯಾಯ?

ಪೇಟೆಯ ಅಕ್ಕಂದಿರೇ, ಮುಂದಿನ ಸಲ ಕಿಲೋಗೆ ಎಷ್ಟು ಎಂದು ಅಂಗಡಿಯಲ್ಲಿ ಕೇಳುವಾಗ, ಅವಳಿಗೆ ಎಷ್ಟು ಸಿಕ್ಕಿತು ಎಂದೂ ಕೇಳಿರಿ. ಉತ್ತರ ಸಿಗಲಿಕ್ಕಿಲ್ಲ. ಆದರೂ ನಾಲ್ಕು ಜನ ಕೇಳತೊಡಗಿದರೆ ಹೇಳುವವರು ಹುಟ್ಟಿಯಾರು.