ಹಲ್ಲು ಕಿತ್ತವರು ಯಾರು?

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಲ್ಲುನೋವೆಂದು ಎರಡು ದಿನ ರಜೆ ಹಾಕಿದ್ದೆ. ರಜೆಚೀಟಿಯಲ್ಲಿ 'ಐ ಪುಲ್ಡ್ ಔಟ್ ಮೈ ಟೂತ್' ಎಂದು ಬರೆದುಕೊಟ್ಟೆ. ಹೆಡ್‌ಮಾಸ್ಟರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, 'ಇಕ್ಕಳ ಮನೇದೋ, ಎರವಲು ತಂದಿದ್ದೋ ಮೇಷ್ಟ್ರೇ?' ಎಂದರು. ಸ್ಟಾಫ್‌ರೂಮಿನಲ್ಲಿ ವಾರವಿಡೀ ಅದೇ ನಗು. ನಾನು ಇಂಗ್ಲಿಷ್ ಮೇಷ್ಟ್ರು ಬೇರೆ.

ಅಮ್ಮನ ಹತ್ತಿರ ಮಾತ್ರ ತಪ್ಪಿರಲಿಲ್ಲ. 'ಹಲ್ಲು ಕೀಳಿಸ್ಕೊಂಡು ಬಂದೆ ಕಣಮ್ಮ' ಅಂದಿದ್ದೆ. ಆ ಒಂದು 'ಇಸು'ವಿನಲ್ಲೇ ಡಾಕ್ಟರು, ಅವರ ಇಕ್ಕಳ, ನಾನು ತೆತ್ತ ಫೀಸು ಎಲ್ಲ ಅಡಗಿದ್ದವು.

ಇಂಗ್ಲಿಷಿನಲ್ಲಿ ಇದಕ್ಕೆ ಇಂಥ ಪ್ರತ್ಯಯವಿಲ್ಲ. 'ಹ್ಯಾವ್' ಇಲ್ಲವೇ 'ಗೆಟ್' ಹಾಕಿ, ನಡುವೆ ಹಲ್ಲನ್ನು ಕೂರಿಸಿ, ಆಮೇಲೆ ಕ್ರಿಯಾಪದದ ಮೂರನೇ ರೂಪ ತರಬೇಕು: 'ಐ ಹ್ಯಾಡ್ ಮೈ ಟೂತ್ ಪುಲ್ಡ್ ಔಟ್'. ಜಾಗ ಅದಲುಬದಲಾಗಿ 'ಐ ಹ್ಯಾಡ್ ಪುಲ್ಡ್ ಔಟ್ ಮೈ ಟೂತ್' ಆಯಿತೋ, ಇಕ್ಕಳ ಮತ್ತೆ ನನ್ನ ಕೈಗೇ ಬಂತು. ಕನ್ನಡದಲ್ಲಿ 'ಕೀಳಿಸಿದೆ ಹಲ್ಲನ್ನ' ಎಂದು ತಿರುಗಿಸಿ ಹೇಳಿದರೂ ಡಾಕ್ಟರು ಕದಲುವುದಿಲ್ಲ.

ವರ್ಷಗಟ್ಟಲೆ ಇದನ್ನು ಸೂತ್ರದಂತೆ ಬೋರ್ಡಿನ ಮೇಲೆ ಬರೆದು ಉರು ಹೊಡೆಸಿದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡಿದರೆ ದಂಡ ಎಂಬ ಕಟ್ಟಳೆ ನಮ್ಮಲ್ಲಿತ್ತು. ಅದು ಶುದ್ಧ ದಡ್ಡತನ. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಡಿಸಿ, ಒಳಗೆ ಅದನ್ನೇ ಹೊಸದಾಗಿ ಕಲಿಸಲು ಒದ್ದಾಡುತ್ತೇವೆ.

ನನಗಿದು ಹೊಳೆದದ್ದು ಶ್ರವಣಬೆಳಗೊಳದಲ್ಲಿ, 8ನೇ ತರಗತಿಯ ಪ್ರವಾಸದಲ್ಲಿ. ಗೊಮ್ಮಟನ ಪಾದದ ಪಕ್ಕದ ಶಾಸನ ಚಾವುಂಡರಾಜ 'ಮಾಡಿಸಿದಂ' ಎನ್ನುತ್ತದೆ, 'ಮಾಡಿದಂ' ಎನ್ನುವುದಿಲ್ಲ. ಅಲ್ಲೇ ಇರುವ ತಮಿಳು, ಮರಾಠಿ ಬರಹಗಳಲ್ಲೂ ಮಾಡಿಸಿದ ಮಾತೇ ಇದೆ. ಒಬ್ಬ ಹುಡುಗಿ ಕೇಳಿದಳು, 'ಹಂಗಾದ್ರೆ ಮಾಡಿದ್ದು ಯಾರು ಸಾರ್?' ಆ ಸಾಲಿನಲ್ಲಿ ಶಿಲ್ಪಿಯ ಹೆಸರಿಲ್ಲ. ಇಂಗ್ಲಿಷಿನ ಆ ವಾಕ್ಯವೂ ಇದೇ ಜಾತಿಯದು. ಬೇಕಿದ್ದರೆ 'ಬೈ' ಸೇರಿಸಿ ಡಾಕ್ಟರ ಹೆಸರು ಹೇಳಬಹುದು, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

'ಇಸು' ಎಲ್ಲ ಕಡೆಗೂ ಒದಗುತ್ತದೆ ಎಂದಲ್ಲ. ಇಂಗ್ಲಿಷಿನವರು ಇದೇ ಅಚ್ಚಿನಲ್ಲಿ 'ಐ ಹ್ಯಾಡ್ ಮೈ ಪರ್ಸ್ ಸ್ಟೋಲನ್' ಎಂದೂ ಹೇಳುತ್ತಾರೆ. ಅದಕ್ಕೆ 'ಇಸು' ಹಚ್ಚಿದರೆ ಕಳ್ಳನನ್ನು ನಾನೇ ಕರೆಸಿದಂತಾಗುತ್ತದೆ. ಅಲ್ಲಿ ನಮ್ಮದು 'ಪರ್ಸ್ ಕಳವಾಯ್ತು', ಅಷ್ಟೇ. 'ಕತ್ತರಿಸು' ಎಂಬುದಂತೂ ಕತ್ತರಿಯಿಂದ ಹುಟ್ಟಿದ್ದು. ಅದರ 'ಇಸು' ಯಾರಿಂದಲೂ ಏನನ್ನೂ ಮಾಡಿಸುವುದಿಲ್ಲ. ನಾವು 'ಕಟಿಂಗ್ ಮಾಡಿಸ್ಕೊಂಡೆ' ಅನ್ನುವುದು ಅದಕ್ಕೇ ಇರಬೇಕು.

ಪ್ರವಾಸ ಮುಗಿಸಿ ಬಂದ ಸೋಮವಾರ ದಂಡದ ಮಾತು ಎತ್ತದೆ, 'ನಿನ್ನೆ ಮನೇಲಿ ಏನೇನು ಮಾಡಿಸಿದ್ರಿ?' ಎಂದು ಕೇಳಿದೆ. ಗಿರಣಿಯಲ್ಲಿ ಹಿಟ್ಟು ಮಾಡಿಸಿದ್ದು, ಸೈಕಲ್ಲಿಗೆ ಪಂಕ್ಚರ್ ಹಾಕಿಸಿದ್ದು, ಎಮ್ಮೆಗೆ ಇಂಜೆಕ್ಷನ್ ಕೊಡಿಸಿದ್ದು. ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸುತ್ತಾ ಹೋದರು. ಕೊನೆಯ ಬೆಂಚಿನವನು ಎದ್ದು, 'ಐ ಗಾಟ್ ಮೈ ಮಾರ್ಕ್ಸ್ ಕಾರ್ಡ್ ಸೈನ್ಡ್ ಬೈ ಮೈ ಫಾದರ್' ಎಂದ. ಆ ಸಹಿ ಅವನ ಕೈಬರಹವೇ ಎಂದು ನನಗೆ ಗೊತ್ತಿತ್ತು. ವ್ಯಾಕರಣ ಸರಿಯಿತ್ತಲ್ಲ, ಸುಮ್ಮನಾದೆ.